ಕಬ್ಬಿನ ತರಗಿನ ಮೇಲೆ ಅಣಬೆ ಬೆಳೆದರೆ ಮಣ್ಣು ಸುಧಾರಿಸುತ್ತದಾ?

ಕೂಳೆಕಬ್ಬು_ಮದ್ದೂರು

ಎಲ್ಲರಿಗೂ ನಮಸ್ಕಾರ. ಮದ್ದೂರು ಕಡೆಯವನು. ನಾಲೆ ನೀರಿನ ಎರಡು ಎಕರೆ ಕಬ್ಬು ಇದೆ, ತಳಿ ಕೋ 86032, ಈಗ ಮೂರನೇ ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆ). ನಾಟಿ ಮಾಡಿದ ವರ್ಷ ಎಕರೆಗೆ 48 ಟನ್ ಬಂದಿತ್ತು, ಹೋದ ಸಲ 31ಕ್ಕೆ ಇಳಿಯಿತು. ಗೊಬ್ಬರವನ್ನೇನೂ ಕಮ್ಮಿ ಮಾಡಿಲ್ಲ, ಜಾಸ್ತಿಯೇ ಹಾಕಿದ್ದೇನೆ. ಮಣ್ಣು ಪರೀಕ್ಷೆ ಮಾಡಿಸಿದರೆ ಸಾವಯವ ಇಂಗಾಲ ನೂರಕ್ಕೆ 0.41 ಅಂತ ಬಂದಿದೆ, ಅಂದರೆ ಕಮ್ಮಿ. ನೀರು ಹಾಯಿಸಿ ನಾಲ್ಕು ದಿನಕ್ಕೆ ನೆಲ ಬಿರುಸಾಗಿ ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ.

ಕಟಾವಾದ ಮೇಲೆ ತರಗಿಗೆ ಬೆಂಕಿ ಹಾಕುವುದು ನಮ್ಮಲ್ಲಿ ಅಜ್ಜನ ಕಾಲದಿಂದ ಬಂದ ರೂಢಿ. ಬೂದಿ ಗೊಬ್ಬರ ಆಗುತ್ತದೆ, ಹುಳ ಸಾಯುತ್ತದೆ, ಕೂಳೆಗೆ ನೀರು ಬಿಡಲು ಸಲೀಸು ಅಂತ ಅಪ್ಪನ ವಾದ. ನನಗೂ ಈವರೆಗೆ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಮೊನ್ನೆ ಚೀನಾದವರ ಒಂದು ವಿಡಿಯೊ ನೋಡಿದೆ. ಕಬ್ಬಿನ ಎರಡು ಸಾಲಿನ ನಡುವೆ ಅಣಬೆ ಮಡಿ, ಮೇಲೆ ಕಬ್ಬಿನದೇ ನೆರಳು, ಅಣಬೆ ಕಿತ್ತುಕೊಂಡ ಮೇಲೆ ಉಳಿದದ್ದು ಅಲ್ಲೇ ಗೊಬ್ಬರ. ನೋಡಲು ಬಹಳ ಚೆನ್ನಾಗಿತ್ತು. ನಮ್ಮಲ್ಲಿ ಆಗುತ್ತದಾ? ಯಾವ ಅಣಬೆ, ಯಾವ ತಿಂಗಳು? ಕಬ್ಬಿನ ಗೊಬ್ಬರಕ್ಕೆ ಅದು ಪೈಪೋಟಿ ಮಾಡುವುದಿಲ್ವಾ? ನಿಜವಾಗಿ ಮಾಡಿ ನೋಡಿದವರು ಹೇಳಿ ದಯವಿಟ್ಟು. ವಿಡಿಯೊ ನಾನೂ ನೋಡಿದ್ದೇನೆ ಅನ್ನುವ ಉತ್ತರ ಬೇಡ.

ಅಣಬೆಮನೆ_ಶ್ರೀರಂಗಪಟ್ಟಣ

ನಾನು ಕಬ್ಬು ಬೆಳೆಯುವವಳಲ್ಲ. ಏಳು ವರ್ಷದಿಂದ ಶೆಡ್ಡಿನಲ್ಲಿ ಚಿಪ್ಪು ಅಣಬೆ ಮತ್ತು ಹಾಲು ಅಣಬೆ ಬೆಳೆಯುತ್ತಿದ್ದೇನೆ, ಹಾಗಾಗಿ ಅಣಬೆಯ ಕಡೆಯಿಂದ ಹೇಳುತ್ತೇನೆ.

ಪೈಪೋಟಿಯ ಪ್ರಶ್ನೆ ಮೊದಲು. ಅಲಸಂದೆ, ಸೋಯಾ ಹಾಕಿದರೆ ಅವು ಬಿಸಿಲಿಗೆ, ನೀರಿಗೆ, ಮಣ್ಣಿನ ಸಾರಕ್ಕೆ ಕಬ್ಬಿನ ಜೊತೆ ಜಗಳ ಆಡುತ್ತವೆ. ಅಣಬೆಗೆ ಆ ಜಗಳ ಅಷ್ಟಾಗಿ ಇಲ್ಲ. ಅದು ತಿನ್ನುವುದು ಸತ್ತ ಎಲೆಯನ್ನು. ಬಿಸಿಲಂತೂ ಅದಕ್ಕೆ ಬೇಡವೇ ಬೇಡ. ಕಿತ್ತ ಅಣಬೆಯಲ್ಲಿ ನೂರಕ್ಕೆ 90 ಪಾಲು ನೀರೇ ಇರುವುದರಿಂದ ಹೊಲದಿಂದ ಹೊರಗೆ ಹೋಗುವ ಸಾರವೂ ತೀರಾ ಕಮ್ಮಿ. ಹತ್ತು ಕಿಲೊ ಅಣಬೆ ಕಿತ್ತರೆ ಸಾರಜನಕ ಅಂತ ಹೋಗುವುದು ಕೆಲವು ಹತ್ತು ಗ್ರಾಂ ಅಷ್ಟೆ.

ತರಗು ಯಾಕೆ ಬೇಗ ಕೊಳೆಯುವುದಿಲ್ಲ ಅಂದರೆ ಅದರಲ್ಲಿ ಇಂಗಾಲ ವಿಪರೀತ, ಸಾರಜನಕ ಕಮ್ಮಿ. ಹೆಚ್ಚುಕಮ್ಮಿ 100ಕ್ಕೆ 1 ಇರುತ್ತದೆ. ಮಣ್ಣಿನ ಜೀವಿಗಳಿಗೆ 20–25ಕ್ಕೆ 1 ಇದ್ದರೆ ಊಟ ರುಚಿ. ಅದರ ಮೇಲೆ ಲಿಗ್ನಿನ್ ಅನ್ನುವ ಗಟ್ಟಿ ಅಂಶ ಬೇರೆ, ಮರಕ್ಕೆ ಗಡಸುತನ ಕೊಡುವುದೂ ಅದೇ. ಇದನ್ನು ಒಡೆಯುವ ಶಕ್ತಿ ಎಲ್ಲ ಜೀವಿಗಳಿಗೂ ಇಲ್ಲ, ಚಿಪ್ಪು ಅಣಬೆಗೆ ಇದೆ. ಅದರ ಬಿಳಿ ಎಳೆಗಳು ಹುಲ್ಲಿನ ಒಳಗೇ ನುಗ್ಗಿ ರಸ ಬಿಟ್ಟು ಕರಗಿಸಿಕೊಂಡು ತಿನ್ನುತ್ತವೆ. ನನ್ನ ಚೀಲಗಳಲ್ಲಿ ಹುಲ್ಲು ಹಾಕಿದಾಗ ಕೈಗೆ ಚುಚ್ಚುತ್ತದೆ, ಎರಡು ತಿಂಗಳ ಮೇಲೆ ತೆಗೆದರೆ ನೆನೆಸಿದ ಬ್ರೆಡ್ಡಿನ ಹಾಗೆ ಪಿಸುಕಿದರೆ ಪುಡಿಯಾಗುತ್ತದೆ.

ಇನ್ನು ಯಾವ ಅಣಬೆ. ಚಿಪ್ಪು ಅಣಬೆಗೆ 20ರಿಂದ 30 ಡಿಗ್ರಿ ಸಾಕು, ಮಳೆಗಾಲದಲ್ಲಿ ಮಂಡ್ಯದ ಹವೆಗೆ ಸರಿಹೋಗುತ್ತದೆ. ಭತ್ತದ ಹುಲ್ಲಿನ ಅಣಬೆಗೆ 30–35 ಬೇಕು, ಒಡಿಶಾದಲ್ಲಿ ಅದನ್ನು ಮರದ ನೆರಳಿನಲ್ಲಿ ಬಯಲಲ್ಲೇ ಬೆಳೆಯುತ್ತಾರೆ. ಹಾಲು ಅಣಬೆಗೂ ಸೆಕೆ ಇಷ್ಟ, ಆದರೆ ಮೇಲೆ ಹದ ಮಾಡಿದ ಮಣ್ಣಿನ ಪದರ ಹಾಕಬೇಕು, ಹೊಲದಲ್ಲಿ ಅದು ತಲೆನೋವು. ಬಟನ್ ಅಣಬೆ ಮರೆತುಬಿಡಿ, ಅದಕ್ಕೆ ಎಸಿ ಕೋಣೆ ಬೇಕು.

ಈಗ ಕಹಿ ಮಾತು. ಶೆಡ್ಡಿನಲ್ಲಿ ನಾವು ಹುಲ್ಲನ್ನು ರಾತ್ರಿಯಿಡೀ ನೆನೆಸಿ, ಬಿಸಿನೀರಿನಲ್ಲಿ ಹದ ಮಾಡಿ, ಆರಿಸಿ, ಆಮೇಲೆ ಬೀಜ (ಅಣಬೆಯ ಎಳೆ ಬೆಳೆಸಿದ ಕಾಳು) ಹಾಕುತ್ತೇವೆ. ಬೇರೆ ಬೂಷ್ಟು ಬರಬಾರದು ಅಂತಲೇ ಇಷ್ಟೆಲ್ಲ. ಹೊಲದಲ್ಲಿ ಬಿದ್ದ ಹಸಿ ತರಗಿನ ಮೇಲೆ ಸುಮ್ನೆ ಬೀಜ ಚೆಲ್ಲಿದರೆ ಹತ್ತು ದಿನಕ್ಕೆ ಹಸಿರು ಬೂಷ್ಟು ಗ್ಯಾರಂಟಿ. ಕಿಲೊಗಟ್ಟಲೆ ಬೀಜ ಮಣ್ಣುಪಾಲು. ವಿಡಿಯೊದಲ್ಲಿ ಈ ಭಾಗ ತೋರಿಸುವುದಿಲ್ಲ ಅಲ್ವಾ.

ರವದಿ_ರಾಯಬಾಗ

ನಮಸ್ಕಾರ ಮದ್ದೂರು ಅಣ್ಣಾರಿಗೆ. ನೀವು ತರಗು ಅಂತೀರಿ, ನಮ್ಮ ಬೆಳಗಾವಿ ಕಡೆ ರವದಿ ಅಂತೀವಿ. ಆರು ವರ್ಷದಿಂದ ನಾನು ರವದಿಗೆ ಬೆಂಕಿ ಹಚ್ಚಿಲ್ಲ. ಅಣಬೆ ಗೊತ್ತಿಲ್ಲ, ಬೆಂಕಿಯ ಲೆಕ್ಕ ಗೊತ್ತು, ಅದನ್ನಷ್ಟು ಹೇಳುತ್ತೇನೆ ನೋಡ್ರಿ.

ಕಬ್ಬಿನ ಇಳುವರಿಯ ಸುಮಾರು ಹತ್ತನೇ ಒಂದು ಪಾಲು ರವದಿ ಬೀಳುತ್ತದೆ. ನಿಮ್ಮ 31 ಟನ್ನಿಗೆ ಮೂರು ಟನ್ ಅಂತ ಹಿಡಿಯಿರಿ. ಅದರಲ್ಲಿ ಸಾರಜನಕ ನೂರಕ್ಕೆ 0.4 ಅಂದರೂ 12 ಕಿಲೊ ಆಯಿತು, ಅಂದರೆ 26 ಕಿಲೊ ಯೂರಿಯಾ. ಅರ್ಧ ಚೀಲಕ್ಕಿಂತ ಜಾಸ್ತಿ. ಬೆಂಕಿ ಹಚ್ಚಿದರೆ ಅದು ಬಹುಪಾಲು ಹೊಗೆಯಾಗಿ ಹೋಗುತ್ತದೆ, ಗಂಧಕವೂ ಹೋಗುತ್ತದೆ, ಇಂಗಾಲ ಅಂತೂ ಪೂರ್ತಿ. ಬೂದಿಯಲ್ಲಿ ಉಳಿಯುವುದು ಪೊಟ್ಯಾಷ್, ಸುಣ್ಣದಂಥವು. ನಿಮ್ಮ ತಂದೆಯವರು ಬೂದಿ ಗೊಬ್ಬರ ಅಂದದ್ದು ಸುಳ್ಳಲ್ಲ, ಕಾಲು ಭಾಗ ನಿಜ.

ನಾನು ಮಾಡುವುದು ಇಷ್ಟು. ಕಟಾವಾದ ಮೇಲೆ ಕೂಳೆ ನೆಲಮಟ್ಟಕ್ಕೆ ಸವರುತ್ತೇನೆ. ರವದಿಯನ್ನು ಸಾಲು ಬಿಟ್ಟು ಸಾಲಿಗೆ ಎಳೆದು ಹಾಕುತ್ತೇನೆ, ಖಾಲಿ ಸಾಲಿನಲ್ಲಿ ನೀರು ಬಿಡುತ್ತೇನೆ. ಟನ್ ರವದಿಗೆ 8 ಕಿಲೊ ಯೂರಿಯಾ, 10 ಕಿಲೊ ಸೂಪರ್ ಫಾಸ್ಫೇಟ್, ಒಂದು ಕಿಲೊ ಕೊಳೆಸುವ ಕಲ್ಚರ್ (ರವದಿ ಕೊಳೆಸುವ ಸೂಕ್ಷ್ಮಜೀವಿಗಳ ಮಿಶ್ರಣ), ಮೇಲೆ ತೇವ. ಯೂರಿಯಾ ಯಾಕೆ ಅಂದರೆ ಅಣಬೆ ಅಕ್ಕಾರು ಹೇಳಿದ ಆ 100ಕ್ಕೆ 1 ಲೆಕ್ಕವೇ ಕಾರಣ. ಕೊಳೆಸುವ ಜೀವಿಗಳಿಗೆ ರವದಿಯಲ್ಲಿ ಸಾರಜನಕ ಸಾಲದೆ ಮಣ್ಣಿನದನ್ನು ಎಳೆದುಕೊಳ್ಳುತ್ತವೆ. ಮೊದಲ ವರ್ಷ ನಾನು ಇದು ಗೊತ್ತಿಲ್ಲದೆ ಯೂರಿಯಾ ಬಿಟ್ಟೆ. ಎರಡು ತಿಂಗಳ ಕೂಳೆ ಪೂರ್ತಿ ಹಳದಿ ತಿರುಗಿತು, ಓಣಿಯ ಮಂದಿಯೆಲ್ಲ ಬಂದು ನೋಡಿ ನಕ್ಕು ಹೋದರು. ಆ ನಗುವಿಗೆ ಹೆದರಿಯೇ ಬಹಳ ಜನ ಮತ್ತೆ ಬೆಂಕಿಗೆ ಹೋಗುತ್ತಾರೆ ಅಂತ ನನ್ನ ಅನಿಸಿಕೆ.

ಚೀನಾದ ಮಾತು ಸುಳ್ಳಲ್ಲ. ಆ ದೇಶದ ಅರ್ಧಕ್ಕಿಂತ ಹೆಚ್ಚು ಸಕ್ಕರೆ ಗುವಾಂಗ್ಶಿ ಅನ್ನುವ ಒಂದೇ ಪ್ರಾಂತ್ಯದಿಂದ ಬರುತ್ತದೆ, ಕಬ್ಬಿನ ಸಾಲಿನಲ್ಲಿ ಅಣಬೆ ಬೆಳೆದು ಮಣ್ಣು ಅಳೆದು ನೋಡಿದ ಪ್ರಯೋಗಗಳೂ ಅಲ್ಲಿ ಆಗಿವೆ. ಆದರೆ ಅವರಿಗೆ ಬಲೆಯ ಲಂಗ ಉಟ್ಟಂಥ ಬಿದಿರು ಅಣಬೆಗೆ ಮಾರ್ಕೆಟ್ ಇದೆ, ಒಣಗಿಸಿ ಮಾರುತ್ತಾರೆ. ರಾಯಬಾಗದ ಸಂತೆಯಲ್ಲಿ ಅದನ್ನು ತಂದಿಟ್ಟರೆ ಹುಡುಗರು ಕಲ್ಲು ಹೊಡೆಯುತ್ತಾರೆ.

ನನ್ನ ಮಾತು ಕೇಳಿದರೆ ಅಣಬೆ ಬಿಡ್ರಿ, ಬೆಂಕಿ ಬಿಡ್ರಿ. ಅಷ್ಟೇ ಸಾಕು.

ಹಾರೋಹಳ್ಳಿ_ತೋಟ_ಪಾಂಡವಪುರ

ಮಾಡಿ ನೋಡಿದವರು ಬೇಕು ಅಂದಿರಲ್ಲ, ಇಲ್ಲಿದ್ದೇನೆ. ದೊಡ್ಡದಾಗಿ ಅಲ್ಲ, ಹನಿ ನೀರಾವರಿಯ ಐದಡಿ ಅಂತರದ ಕಬ್ಬಿನಲ್ಲಿ ಎರಡೇ ಸಾಲು, ಒಂದೊಂದೂ ಮೂವತ್ತು ಅಡಿ.

ಮೊದಲನೇ ಸಲ ಸೋತೆ. ತರಗಿನ ಮೇಲೆ ನೇರ ಬೀಜ ಚೆಲ್ಲಿದೆ, ಅಕ್ಕ ಹೇಳಿದ ಹಾಗೇ ಹಸಿರು ಬೂಷ್ಟು. ಬೀಜವೂ ಹಳೆಯದಿತ್ತು ಅಂತ ಆಮೇಲೆ ಗೊತ್ತಾಯಿತು, ಕೊಟ್ಟವರು ತಾರೀಖು ಬರೆದಿರಲಿಲ್ಲ, ನಾನೂ ಕೇಳಲಿಲ್ಲ.

ಎರಡನೇ ಸಲ ದಾರಿ ಬದಲಾಯಿಸಿದೆ. ಮನೆ ಹಿಂದಿನ ಕೊಟ್ಟಿಗೆಯಲ್ಲಿ ತರಗನ್ನು ಎರಡು ಇಂಚು ಉದ್ದಕ್ಕೆ ಕತ್ತರಿಸಿ, ನೆನೆಸಿ, ಹಂಡೆಯ ಬಿಸಿನೀರಿನಲ್ಲಿ ಹದ ಮಾಡಿ ಚೀಲ ತುಂಬಿದೆ. ಇಪ್ಪತ್ತು ದಿನ ಕತ್ತಲಲ್ಲಿ ಇಟ್ಟು, ಚೀಲ ಪೂರ್ತಿ ಬೆಳ್ಳಗಾದ ಮೇಲೆ ಪ್ಲಾಸ್ಟಿಕ್ ಕಿತ್ತು, ಆ ಬಿಳಿ ಗಟ್ಟಿಯನ್ನೇ ಜುಲೈ ಕೊನೆಯಲ್ಲಿ ಸಾಲಿನ ನಡುವೆ ತರಗಿನೊಳಗೆ ಅರ್ಧ ಹೂತು ಇಟ್ಟೆ. ಕಬ್ಬು ಆಗ ಆರು ತಿಂಗಳದ್ದು, ಮೇಲೆ ಗರಿ ಕೂಡಿಕೊಂಡು ಒಳಗೆ ಮಧ್ಯಾಹ್ನವೂ ಮಬ್ಬು. ಒಂಬತ್ತನೇ ದಿನ ಹೋಗಿ ನೋಡಿದರೆ ಒಂದೊಂದು ಗಟ್ಟಿಯ ಮಗ್ಗುಲಿಗೂ ಕಿವಿ ಮೂಡಿದ ಹಾಗೆ ಗೊಂಚಲು! ನನ್ನ ಹೆಂಡತಿ ಮಡಿಲಿಗೆ ತುಂಬಿಕೊಂಡು ಬಂದಳು. ಆ ವಾರವಿಡೀ ಅಣಬೆ ಸಾರು, ಮುದ್ದೆ, ನೆಂಟರಿಗೂ ಹಂಚಿದ್ದಾಯಿತು.

ಆಮೇಲಿನದು ಕೇಳಿ. ಎರಡನೇ ಬೆಳೆಗೆ ಬಸವನಹುಳು ಮತ್ತು ಹೆಗ್ಗಣ ನನಗಿಂತ ಮೊದಲು ಹೋಗಿದ್ದವು. ಮೂರನೆಯದು ಮಳೆ ಹಿಡಿದು ಕೊಳೆಯಿತು. ಅಣಬೆ ಅಂದರೆ ದಿನಾ ಕೀಳಬೇಕು, ಒಂದು ದಿನ ತಪ್ಪಿದರೆ ಅಂಚು ಹರಿದು ಸಪ್ಪೆಯಾಗುತ್ತದೆ. ಆರು ಅಡಿ ಕಬ್ಬಿನೊಳಗೆ ದಿನಾ ಬೆಳಿಗ್ಗೆ ಬಗ್ಗಿಕೊಂಡು ಹೋಗುವವರು ಯಾರು? ಗರಿ ಮುಖ, ಕೈ ಎಲ್ಲ ಕೊಯ್ಯುತ್ತದೆ. ತರಗಿನಡಿ ಕೊಳಕುಮಂಡಲ ಇರುತ್ತದೆ. ನಮ್ಮ ಕಡೆ ಚಿರತೆ ಕಬ್ಬಿನಲ್ಲಿ ಮರಿ ಹಾಕುವುದು ಪೇಪರಿನಲ್ಲಿ ಓದುವ ಸುದ್ದಿ ಅಲ್ಲ, ಪಕ್ಕದ ಹೊಲದ ಸುದ್ದಿ. ಹೆಂಡತಿಯನ್ನು ಆಮೇಲೆ ಒಳಗೆ ಕಳಿಸಲಿಲ್ಲ.

ಮಾರಿದ್ದು ಸೊನ್ನೆ. ಹಾಗಂತ ದಂಡ ಅನ್ನಲಾರೆ. ಅಕ್ಟೋಬರಿನಲ್ಲಿ ಆ ಎರಡು ಸಾಲಿನ ತರಗು ಕಾಲಿಟ್ಟರೆ ಮೆತ್ತಗೆ ಕುಸಿಯುತ್ತಿತ್ತು, ಕಂದು ಬಣ್ಣ, ಕಾಡಿನ ಮಣ್ಣಿನ ವಾಸನೆ. ಪಕ್ಕದ ಸಾಲಿನಲ್ಲಿ ಅದೇ ತರಗು ಇನ್ನೂ ಚರಚರ ಅನ್ನುತ್ತಿತ್ತು. ಗಟ್ಟಿಯನ್ನು ಎತ್ತಿದರೆ ಕೆಳಗಿನ ಮಣ್ಣಿನ ಹೆಂಟೆಗೆ ಬಿಳಿ ದಾರ ಹೆಣೆದುಕೊಂಡಿತ್ತು, ಬೆರಳಿನಲ್ಲಿ ಒತ್ತಿದರೆ ರಾಗಿಕಾಳಿನಷ್ಟು ದಪ್ಪಕ್ಕೆ ಉದುರಿತು, ಎರೆಹುಳು ಎಣಿಸಿದ್ದು ಒಂದು ಬೊಗಸೆಯಲ್ಲಿ ಐದು. ಕಬ್ಬಿನ ತೂಕ ಬೇರೆ ಮಾಡಿ ನೋಡಲಿಲ್ಲ, ಅದು ನನ್ನ ತಪ್ಪು.

ಕೂಳೆಕಬ್ಬು_ಮದ್ದೂರು

ಪಾಂಡವಪುರದ ಅಣ್ಣ, ಇದೇ ಬೇಕಿತ್ತು. ಥ್ಯಾಂಕ್ಸ್. ಅಕ್ಕನಿಗೂ, ರಾಯಬಾಗದ ಅಣ್ಣನಿಗೂ. ಆ 26 ಕಿಲೊ ಯೂರಿಯಾ ಲೆಕ್ಕ ಅಪ್ಪನಿಗೆ ಹೇಳಿದೆ. ಮಾತಾಡಲಿಲ್ಲ, ಎದ್ದು ಹೋಗಿ ಹಸುವಿಗೆ ಸೋಗೆ ಹಾಕಿದರು. ಒಪ್ಪಿದ ಹಾಗೇ.

ಎರಡು ಅನುಮಾನ ಉಳಿದಿವೆ. ಒಂದು, ನಾನು ಕಳೆಗೆ ಅಟ್ರಾಜಿನ್ ಹೊಡೆಯುತ್ತೇನೆ, ಗೊಣ್ಣೆ ಹುಳಕ್ಕೆ ಬೇರಿಗೆ ಹರಳು ಔಷಧಿ ಹಾಕುತ್ತೇನೆ. ಅದೇ ಸಾಲಿನ ಅಣಬೆ ತಿನ್ನಬಹುದಾ? ಎರಡು, ರಾಯಬಾಗದ ಅಣ್ಣನ ಕಲ್ಚರ್ ಮತ್ತು ಅಣಬೆ ಎರಡನ್ನೂ ಒಟ್ಟಿಗೆ ಹಾಕಿದರೆ ಡಬಲ್ ಸ್ಪೀಡಿನಲ್ಲಿ ಕೊಳೆಯುತ್ತದಾ?

ನಿವೃತ್ತ_ಎಎಒ

ಸಹಾಯಕ ಕೃಷಿ ಅಧಿಕಾರಿಯಾಗಿ (ಎಎಒ) ನಿವೃತ್ತನಾದವನು ನಾನು. ನಿಮ್ಮ ಎರಡೂ ಪ್ರಶ್ನೆಗೆ ನನ್ನ ಉತ್ತರ ಒಂದೇ: ಹಾಗೆ ಮಾಡುವುದು ಬೇಡ.

ಮೊದಲನೆಯದು. ಅಣಬೆ ತಾನು ಬೆಳೆಯುವ ಜಾಗದಲ್ಲಿ ಏನಿದೆಯೋ ಅದನ್ನು ಹೀರುತ್ತದೆ, ಕ್ಯಾಡ್ಮಿಯಂನಂಥ ಭಾರ ಲೋಹಗಳನ್ನೂ. ಬೇರಿಗೆ ಹರಳು ವಿಷ ಹಾಕಿದ ಸಾಲಿನಲ್ಲಿ ಬಂದ ಅಣಬೆಯನ್ನು ನಾನು ನನ್ನ ಮೊಮ್ಮಗನಿಗೆ ತಿನ್ನಿಸುವುದಿಲ್ಲ, ನೀವೂ ತಿನ್ನಿಸಬೇಡಿ. ಕಬ್ಬಿನ ಔಷಧಿ ಡಬ್ಬದ ಮೇಲೆ ಕಬ್ಬು ಕಟಾವಿಗೆ ಎಷ್ಟು ದಿನ ಬಿಡಬೇಕು ಅಂತ ಬರೆದಿರುತ್ತದೆ, ನಡುವೆ ಬೆಳೆದ ಅಣಬೆಗೆ ಎಷ್ಟು ದಿನ ಅಂತ ಬರೆದಿರುವುದಿಲ್ಲ. ಔಷಧಿ ಸಾಲು ಬೇರೆ, ಅಣಬೆ ಸಾಲು ಬೇರೆ ಅಂದರೂ ಹಾಯಿ ನೀರಿನಲ್ಲಿ ಅದೆಲ್ಲ ಒಂದೇ. ತಿನ್ನುವುದಾದರೆ ಆ ತಾಕಿಗೆ ವಿಷ ಮುಟ್ಟಿಸಬಾರದು, ಅಷ್ಟೆ.

ಎರಡನೆಯದು. ಕೊಳೆಸುವ ಕಲ್ಚರ್‌ಗಳಲ್ಲಿ ಹಲವಕ್ಕೆ ಟ್ರೈಕೋಡರ್ಮಾ ಅನ್ನುವ ಶಿಲೀಂಧ್ರ ಸೇರಿಸಿರುತ್ತಾರೆ. ಕೆಂಪು ಕೊಳೆ ರೋಗಕ್ಕೆ ಅಂತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕುವುದೂ ಅದನ್ನೇ. ಕಬ್ಬಿಗೆ ಅದು ಒಳ್ಳೆಯದು. ಆದರೆ ಮೇಲಿನ ಇಬ್ಬರೂ ಬೈದ ಹಸಿರು ಬೂಷ್ಟು ಇದೆಯಲ್ಲ, ಅದು ಸಾಮಾನ್ಯವಾಗಿ ಟ್ರೈಕೋಡರ್ಮಾನೇ! ಬೇರೆ ಶಿಲೀಂಧ್ರವನ್ನು ತಿಂದು ಬದುಕುವುದೇ ಅದರ ಕಸುಬು, ರೋಗದ ಶಿಲೀಂಧ್ರ ಯಾವುದು, ಅಣಬೆ ಯಾವುದು ಅಂತ ಅದು ನೋಡುವುದಿಲ್ಲ. ಒಂದೇ ಸಾಲಿಗೆ ಎರಡನ್ನೂ ಹಾಕುವುದು ಅಂದರೆ ಕೋಳಿ ಗೂಡಿಗೆ ಬೆಕ್ಕು ಬಿಟ್ಟ ಹಾಗೆ.

ಕೇಳದೇ ಇದ್ದ ಮೂರನೆಯದನ್ನೂ ಹೇಳುತ್ತೇನೆ. ಬೆಂಕಿ ಬಿಟ್ಟು ತರಗು ಹೊದಿಸಿದರೆ ಮಳೆ ಬಿದ್ದ ಮೇಲೆ ತಾನಾಗಿಯೇ ಬಗೆಬಗೆಯ ನಾಯಿಕೊಡೆ ಏಳುತ್ತವೆ. ನೀವು ಅಣಬೆ ಹಾಕಿದ್ದೀರಿ ಅಂತ ಊರಿಗೆ ಗೊತ್ತಿದ್ದರೆ ಕೂಲಿಗೆ ಬಂದವರು ಸಿಕ್ಕಿದ್ದನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಹೋಗುತ್ತಾರೆ. ಅಗಲ ಬಿಳಿ ಕೊಡೆಯ ಒಂದು ಜಾತಿ ಇದೆ, ನೋಡಲು ಹುತ್ತದ ಅಣಬೆಯ ನೆಂಟನ ಹಾಗೇ, ಬಲಿತಾಗ ಕೊಡೆಯ ಅಡಿ ಹಸಿರು ಬಣ್ಣಕ್ಕೆ ತಿರುಗುತ್ತದೆ. ತಿಂದರೆ ವಾಂತಿ ಭೇದಿಗೆ ಆಸ್ಪತ್ರೆ ಸೇರಬೇಕು. ಅರಿಶಿನ ಹಾಕಿ ಬೇಯಿಸಿದರೆ ವಿಷ ಹೋಗುತ್ತದೆ ಅನ್ನುವುದು ಸುಳ್ಳು. ನೀವೇ ಇಟ್ಟ ಗಟ್ಟಿಯ ಮೇಲೆ ಬಂದದ್ದು ಬಿಟ್ಟು ಬೇರೆ ಯಾವುದನ್ನೂ ಕೀಳಬೇಡಿ ಅಂತ ಎಲ್ಲರಿಗೂ ಹೇಳಿಡಿ.

ಅಣಬೆಮನೆ_ಶ್ರೀರಂಗಪಟ್ಟಣ

ಸರ್ ಹೇಳಿದ್ದು ಪೂರ್ತಿ ಸರಿ. ಇದನ್ನೆಲ್ಲ ಓದಿದ ಮೇಲೆ ನನಗೆ ಅನಿಸುವುದು, ಅಣಬೆಯನ್ನು ಹೊಲಕ್ಕೆ ತೆಗೆದುಕೊಂಡು ಹೋಗುವ ಬದಲು ತರಗನ್ನು ಅಣಬೆಯ ಹತ್ತಿರ ತನ್ನಿ. ಕೊಟ್ಟಿಗೆಯ ಒಂದು ಮೂಲೆ ಸಾಕು. ಬೆಳೆ ಮುಗಿದ ಚೀಲವನ್ನು ಒಂದೆರಡು ತಿಂಗಳು ಗುಡ್ಡೆ ಹಾಕಿ ಹಳತು ಮಾಡಿ ಕಬ್ಬಿನ ಸಾಲಿಗೆ ಹಾಕಿ. ಅಣಬೆ ನೆರಳಲ್ಲಿ ಬಂತು, ಗೊಬ್ಬರ ಹೊಲಕ್ಕೆ ಹೋಯಿತು, ಚಿರತೆಗೂ ತೊಂದರೆ ಇಲ್ಲ.

ಆದರೆ ಎಲ್ಲ ತರಗನ್ನೂ ಹೀಗೆ ಮಾಡುತ್ತೇನೆ ಅನ್ನಬೇಡಿ. ನನ್ನ ಶೆಡ್ಡಿನಲ್ಲಿ ಹತ್ತು ಕಿಲೊ ಒಣ ಭತ್ತದ ಹುಲ್ಲಿಗೆ ಆರೇಳು ಕಿಲೊ ಅಣಬೆ ಬರುತ್ತದೆ, ಕಬ್ಬಿನ ತರಗಿಗೆ ನಾಲ್ಕು. ನಿಮ್ಮ ಎಕರೆಯ ಮೂರು ಟನ್ನಿಗೆ ಅದೇ ಲೆಕ್ಕ ಹಾಕಿದರೆ 1200 ಕಿಲೊ! ಮದ್ದೂರಿನಲ್ಲಿ ವಡೆ ಬಿಟ್ಟು ಎಲ್ಲರೂ ಅಣಬೆಯನ್ನೇ ತಿನ್ನಬೇಕಾಗುತ್ತದೆ. ವಾರಕ್ಕೆ ಐದಾರು ಕಿಲೊ ಮಾರುವಷ್ಟರಿಂದ ಶುರು ಮಾಡಿ. ಮಾರಿ ಉಳಿದದ್ದು ಫ್ರಿಜ್ಜಿನಲ್ಲೂ ಎರಡು ಮೂರು ದಿನ ಅಷ್ಟೆ. ಒಣಗಿಸಿದರೆ ಹತ್ತು ಕಿಲೊ ಒಂದು ಕಿಲೊ ಆಗುತ್ತದೆ.

ಬೀಜಕ್ಕೆ ಮತ್ತು ತರಬೇತಿಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಕೇಳಿ, ನಾನು ಕಲಿತದ್ದು ಅಲ್ಲೇ. ಚೀಲದ ಮೇಲೆ ತಾರೀಖು ನೋಡಿ ತೆಗೆದುಕೊಳ್ಳಿ. ಪಾಂಡವಪುರದವರ ಪಾಠ ಸುಮ್ನೆ ಹೋಗಬಾರದಲ್ಲ.

ರವದಿ_ರಾಯಬಾಗ

ಅಕ್ಕಾರು ಹೇಳಿದ್ದು ನನಗೂ ಒಪ್ಪಿಗೆ. ಒಂದೇ ತಕರಾರು. ಚೀಲದ ಗೊಬ್ಬರ ಹೊತ್ತು ಹೊಲಕ್ಕೆ ಹಾಕುವ ಕೂಲಿ ಯಾರು ಕೊಡುತ್ತಾರೆ? ನೂರು ಕಿಲೊ ತರಗಿಗೆ ಅದು ಸರಿ, ಮೂರು ಟನ್ನಿಗೆ ಅಲ್ಲ. ಉಳಿದ ತರಗು ಬಿದ್ದಲ್ಲೇ ಕೊಳೆಯಲಿ.

ಕೂಳೆಕಬ್ಬು_ಮದ್ದೂರು

ಸರಿ, ಹೀಗೆ ಮಾಡುತ್ತೇನೆ. ಒಂದೂವರೆ ಎಕರೆಗೆ ರಾಯಬಾಗದ ಪದ್ಧತಿ, ಸಾಲು ಬಿಟ್ಟು ಸಾಲು ತರಗು, ಯೂರಿಯಾ, ಸೂಪರ್, ಕಲ್ಚರ್. ಮನೆ ಹಿಂದೆ ಇಪ್ಪತ್ತು ಚೀಲ ಅಣಬೆ, ಅದನ್ನು ಅಮ್ಮ ಮತ್ತು ತಂಗಿ ನೋಡಿಕೊಳ್ಳುತ್ತಾರಂತೆ. ಆ ಒಂದೂವರೆ ಎಕರೆಯಲ್ಲೇ ಕಾಲುವೆ ಪಕ್ಕದ ನಾಲ್ಕು ಸಾಲು ಮಾತ್ರ ವಿಷ, ಕಲ್ಚರ್ ಎರಡೂ ಇಲ್ಲದೆ ಬಿಟ್ಟು, ಜುಲೈನಲ್ಲಿ ಬೆಳ್ಳಗಾದ ಚೀಲ ಹೂತು ನೋಡುತ್ತೇನೆ. ಅಲ್ಲಿ ಬಂದದ್ದು ಮಾರುವುದಿಲ್ಲ. ಆ ನಾಲ್ಕು ಸಾಲಿನ ಕಬ್ಬು ಬೇರೆ ತೂಕ ಮಾಡಿಸುತ್ತೇನೆ, ಮಣ್ಣನ್ನೂ ಬೇರೆ ಪರೀಕ್ಷೆಗೆ ಕೊಡುತ್ತೇನೆ. ಅರ್ಧ ಎಕರೆ ಮಾತ್ರ ಅಪ್ಪನದು, ಅಲ್ಲಿ ಬೆಂಕಿ. ಅದು ಅವರ ಷರತ್ತು.

ಕಟಾವು ಜನವರಿಯಲ್ಲಿ. ಕಡಿಯುವ ತಂಡದವರು ಈಗಲೇ ಕೇಳುತ್ತಿದ್ದಾರೆ, ಬೆಂಕಿ ಹಾಕಿಯೇ ಕೊಡಿ ಅಂತ, ಅವರಿಗೆ ಕೆಲಸ ಹಗುರ. ಹಸಿಯಾಗಿ ಕಡಿಯಲು ಟನ್ನಿಗೆ ಎಷ್ಟು ಜಾಸ್ತಿ ಕೇಳುತ್ತಾರೆ ನಿಮ್ಮ ಕಡೆ?

ಹಾರೋಹಳ್ಳಿ_ತೋಟ_ಪಾಂಡವಪುರ

ಅದು ತಂಡದ ಮೇಸ್ತ್ರಿಯ ಮೇಲೆ. ನಾನು ದುಡ್ಡು ಜಾಸ್ತಿ ಕೊಡಲಿಲ್ಲ, ಹಸಿ ಸೋಗೆ ಪೂರ್ತಿ ನೀವೇ ತೆಗೆದುಕೊಂಡು ಹೋಗಿ ಅಂದೆ, ಅವರ ಎತ್ತುಗಳಿಗೆ ಆಯಿತು. ಡಿಸೆಂಬರಿನಲ್ಲೇ ಮಾತಾಡಿಕೊಳ್ಳಿ, ಕಟಾವಿನ ದಿನ ಗದ್ದೆಯಲ್ಲಿ ನಿಂತು ಚೌಕಾಸಿ ಮಾಡಿದರೆ ಬೆಂಕಿಪೊಟ್ಟಣ ಅವರ ಜೇಬಿನಲ್ಲೇ ಇರುತ್ತದೆ.